ಮುನ್ನೂರು ಕಿಲೋಮೀಟರಿನ ಲೆಕ್ಕ

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ? ಪ್ರಶ್ನೆ ಸರಳ, ಆದರೆ ಉತ್ತರ ಒಂದೇ ಅಲ್ಲ. ಬಸ್ ಕಂಡಕ್ಟರನ್ನು ಕೇಳಿದರೆ ಸುಮಾರು 350 ಕಿ.ಮೀ. ಎಂದಾನು. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟ ವಿದ್ಯಾರ್ಥಿ 300ರ ಆಸುಪಾಸು ಎನ್ನುತ್ತಾನೆ. ಇಬ್ಬರದೂ ಸರಿಯೇ.

ಈ ವ್ಯತ್ಯಾಸದಲ್ಲಿ ಪಶ್ಚಿಮಘಟ್ಟದ ಪಾಲು ದೊಡ್ಡದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರು ಕಡಲ ತಡಿಯಲ್ಲಿ. ಸಕಲೇಶಪುರದವರೆಗೂ ದಾರಿ ಎತ್ತರದಲ್ಲೇ ಸಾಗುತ್ತದೆ. ಆಮೇಲೆ ಒಮ್ಮೆಲೇ ಇಳಿಜಾರು. ರಸ್ತೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಇಳಿಯುತ್ತದೆ. ರೈಲು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳನ್ನು ದಾಟುತ್ತದೆ. ಹಳಿ 50 ಮೀಟರ್ ಸಾಗಿದರೆ ಹೆಚ್ಚೆಂದರೆ 1 ಮೀಟರ್ ಇಳಿಯಬಹುದು. ಹಾಗಾದರೆ 800 ಮೀಟರ್ ಇಳಿಯಲು ಎಷ್ಟು ಹಳಿ ಬೇಕು? ಗುಣಿಸಿ ನೋಡಿ, ಕನಿಷ್ಠ 40 ಕಿ.ಮೀ.! ಘಾಟಿಯಲ್ಲಿ ರೈಲು ನಿಧಾನವಾಗುವುದು ಚಾಲಕನ ಸೋಮಾರಿತನದಿಂದಲ್ಲ.

ವಿಮಾನಕ್ಕೆ ಬೆಟ್ಟದ ಹಂಗಿಲ್ಲ. ಬಜಪೆಯ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರಲ್ಲಿ. ಎರಡರ ನಡುವೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಎತ್ತರಕ್ಕೇರಿದ ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆಂದರೆ, ಲೆಕ್ಕದ ಪ್ರಕಾರ 23 ನಿಮಿಷ ಸಾಕು. ವೇಳಾಪಟ್ಟಿ ಮಾತ್ರ ಒಂದು ಗಂಟೆ ಅಥವಾ ತುಸು ಹೆಚ್ಚು ಎನ್ನುತ್ತದೆ. ಏಕೆ?

ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತ ಜಾಗದಿಂದ ಕದಲಿದಾಗಲೇ ಶುರುವಾಗುತ್ತದೆ. ರನ್‌ವೇಗೆ ಹೋಗುವುದು, ಸರದಿ ಕಾಯುವುದು, ಮೇಲೇರುವುದು, ಗಾಳಿಯ ದಿಕ್ಕಿಗೆ ತಕ್ಕಂತೆ ಸುತ್ತಿಬಂದು ಇಳಿಯುವುದು, ಎಲ್ಲವೂ ಅದರಲ್ಲಿ ಸೇರಿದೆ. ಇಷ್ಟು ಹತ್ತಿರದ ಊರಿಗೆ ಪೂರ್ಣ ವೇಗದಲ್ಲಿ ಹಾರುವ ಹೊತ್ತು ಅಲ್ಪ.

ಈಗ ಮನೆಬಾಗಿಲಿನಿಂದ ಲೆಕ್ಕ ಹಾಕೋಣ. ನಗರದ ನಡುವಿನಿಂದ ದೇವನಹಳ್ಳಿಗೆ ಸುಮಾರು 35 ಕಿ.ಮೀ.; ಸಂಚಾರ ದಟ್ಟಣೆಯಲ್ಲಿ ಒಂದೂವರೆ ಗಂಟೆ. ತಪಾಸಣೆ, ಕಾಯುವಿಕೆಗೆ ಎರಡು ಗಂಟೆ. ಹಾರಾಟ ಒಂದು ಗಂಟೆ. ಬಜಪೆಯಿಂದ ಊರೊಳಕ್ಕೆ ಇನ್ನರ್ಧ ಗಂಟೆ. ಒಟ್ಟು ಐದು ಗಂಟೆ! ಬಸ್ಸಿಗೆ ಏಳೆಂಟು ಗಂಟೆ. ಉಳಿಯುವುದು ಎರಡು ಮೂರು ಗಂಟೆ ಅಷ್ಟೆ.

ಮಳೆಗಾಲದಲ್ಲಿ ಈ ಲೆಕ್ಕವೂ ತಪ್ಪಬಹುದು. 2024ರ ಜುಲೈ ಕೊನೆಯಲ್ಲಿ ಎಡಕುಮರಿ ಬಳಿ ಭೂಕುಸಿತವಾಗಿ ಹಲವು ದಿನ ರೈಲು ಓಡಲಿಲ್ಲ. ಬಜಪೆಯಲ್ಲಿ ಮಳೆ, ಮೋಡ ದಟ್ಟವಾದರೆ ವಿಮಾನ ಬೇರೆ ಊರಿನತ್ತ ತಿರುಗುವುದೂ ಉಂಟು. ಕಾಲೇಜು ಪ್ರವೇಶದ ಓಡಾಟ ಬರುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ.

ಆದ್ದರಿಂದ ತಂದೆ-ತಾಯಿಯರಿಗೆ ಒಂದು ಮಾತು. ಮಗ ಅಥವಾ ಮಗಳಿಗೆ ಬೆಳಿಗ್ಗೆ ಹತ್ತಕ್ಕೆ ಸಂದರ್ಶನವಿದ್ದರೆ, ಅಂದಿನ ಮುಂಜಾನೆಯ ವಿಮಾನವನ್ನು ನಂಬಿ ಕೂರಬೇಡಿ. ಹಿಂದಿನ ದಿನವೇ ಊರು ಸೇರಿ. ಟಿಕೆಟ್ಟಿನ ಮೇಲಿನ ಒಂದು ಗಂಟೆ ವಿಮಾನದ್ದು. ಪ್ರಯಾಣದ ಉಳಿದ ಗಂಟೆಗಳ ಲೆಕ್ಕ ನಾವೇ ಇಡಬೇಕು.