ಟಿಕೆಟ್ ಕ್ಲೋಸ್ ಆಗದ ಕೋಣೆ

ಬನ್ನಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಜಯನಗರದ ಹಳೇ ಮನೆಯೊಂದರ ಮಹಡಿ ಇದು. ಕೆಳಗೆ ಓನರ್ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದಿದೆ, ಇಂಗಿನ ಘಮ ಮೆಟ್ಟಿಲು ಹತ್ತಿ ಬರುತ್ತಿದೆ. ಸಂಜೆ ಆರೂವರೆ. ನಾನು ಆಪ್ತಸಮಾಲೋಚಕಿ, ಇವತ್ತು ನನ್ನ ಕುರ್ಚಿಯಲ್ಲಿ ನೀವು ಕೂರುತ್ತೀರಿ. ಕುರ್ಚಿಗಳನ್ನು ಎದುರುಬದುರು ಹಾಕದೆ ಸ್ವಲ್ಪ ಓರೆಯಾಗಿಟ್ಟಿದ್ದೇನೆ. ಬಂದವರು ಬೇಕೆನಿಸಿದರೆ ನಿಮ್ಮ ಮುಖ ನೋಡಬಹುದು, ಬೇಡವೆನಿಸಿದರೆ ಕಿಟಕಿಯಾಚೆಯ ಹೊಂಗೆಮರ ನೋಡಬಹುದು. ಗಡಿಯಾರ ಇರುವುದು ಅವರ ಬೆನ್ನ ಹಿಂದಿನ ಗೋಡೆಯಲ್ಲಿ. ನೀವು ಕೈಗಡಿಯಾರದತ್ತ ಒಮ್ಮೆ ಕಣ್ಣು ಹಾಯಿಸಿದರೂ ಸಾಕು, ಅವರು ಮಾತು ನಿಲ್ಲಿಸಿಬಿಡುತ್ತಾರೆ.

(ನಿಜವಾದ ಸೆಷನ್ನಿಗೆ ಮೂರನೆಯವರನ್ನು ಬಿಟ್ಟುಕೊಳ್ಳುವ ಹಾಗಿಲ್ಲ. ಈಗ ಬರುತ್ತಿರುವವನನ್ನು ಹಲವರ ಮಾತು ಕಲೆಸಿ ನಾನೇ ಕಟ್ಟಿದ್ದೇನೆ. ಇವನಲ್ಲಿ ಯಾರೂ ತಮ್ಮನ್ನು ಹುಡುಕಿಕೊಳ್ಳಬೇಡಿ.)

ಬಂದ. ಮೂವತ್ತು ದಾಟಿದ ಹುಡುಗ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಲ್ಲಿ ಇನ್ನೂ ಐಡಿ ಕಾರ್ಡು. ಬೆಳ್ಳಂದೂರಿನಿಂದ ಸಿಲ್ಕ್ ಬೋರ್ಡ್ ದಾಟಿ ಬಂದಿದ್ದಾನೆ, ಅರ್ಧ ಜೀವ ಅಲ್ಲೇ ಹೋಗಿದೆ. ಫೋನನ್ನು ತೊಡೆಯ ಮೇಲೆ ಕವುಚಿಟ್ಟ. “ಈ ವಾರ ಆನ್‌ಕಾಲ್ ಮೇಡಂ, ಆಫ್ ಮಾಡಕ್ಕಾಗಲ್ಲ.”

“ಪರವಾಗಿಲ್ಲ” ಅನ್ನಿ. ಅಷ್ಟು ಸಾಕು.

ಹಾಸನದ ಕಡೆಯವನು. ರಾತ್ರಿ ಎರಡಕ್ಕೆ ಅಲರ್ಟ್ ಬಂದರೆ ಎದ್ದು ಸರ್ವರ್ ನೋಡಬೇಕು. ಈಗೀಗ ಅಲರ್ಟ್ ಬರದಿದ್ದರೂ ಎರಡಕ್ಕೇ ಎಚ್ಚರವಾಗುತ್ತದೆ. ಫ್ಲ್ಯಾಟಿನ ಇಎಂಐ ಇದೆ. ಊರಲ್ಲಿ ಅಪ್ಪ ಮಗನ ಸಂಬಳವನ್ನು ಕಂಡಕಂಡವರಿಗೆ ಹೇಳುತ್ತಾರೆ. “ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ” ಎಂದು ಹೆಂಡತಿ ಅಂದಿದ್ದಾಳೆ. ಇಷ್ಟನ್ನೂ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಸ್ಟೇಟಸ್ ಒಪ್ಪಿಸುವ ದನಿಯಲ್ಲಿ ಹೇಳಿ ಮುಗಿಸಿದ. ಆಮೇಲೆ ಕೇಳಿದ: “ರಿಸೈನ್ ಮಾಡಿ ಊರಿಗೆ ಹೋಗಿಬಿಡ್ಲಾ ಮೇಡಂ? ನೀವೂ ಐಟಿ ಬಿಟ್ಟು ಬಂದೋರಂತೆ.”

ಈಗ ನಿಮ್ಮ ನಾಲಿಗೆಯ ತುದಿಗೆ ಏನೆಲ್ಲ ಬಂದು ನಿಂತಿದೆ ಎಂದು ನನಗೆ ಗೊತ್ತು. ಹದಿನೈದು ದಿನ ರಜೆ ಹಾಕಪ್ಪ. ಟೀಮ್ ಬದಲಿಸಿಕೊ. ಮಲಗುವ ಮುಂಚೆ ಫೋನ್ ನೋಡಬೇಡ. ನುಂಗಿಕೊಳ್ಳಿ.

ನುಂಗುವುದು ಕಷ್ಟ. ವರ್ಷಗಟ್ಟಲೆ ಸಪೋರ್ಟ್ ಟೀಮಿನಲ್ಲಿದ್ದವಳು ನಾನು. ದೂರಿನ ಟಿಕೆಟ್ ಬಂದೊಡನೆ ಎಷ್ಟು ಗಂಭೀರ ನೋಡು, ಮೂಲ ಹುಡುಕು, ಗಡುವಿನೊಳಗೆ ಕ್ಲೋಸ್ ಮಾಡು. ಆ ಚಾಳಿ ಬೆರಳಿನಿಂದ ಹೋದರೂ ಬಾಯಿಂದ ಬೇಗ ಹೋಗಲಿಲ್ಲ. ಈ ಹುಡುಗನೂ ಎಂಜಿನಿಯರೇ. ನೀವು ಹೇಳಬೇಕೆಂದಿರುವ ಪರಿಹಾರಗಳನ್ನೆಲ್ಲ ಎಕ್ಸೆಲ್ಲಿನಲ್ಲಿ ಹಾಕಿ ನೋಡಿಯೇ ಬಂದಿರುತ್ತಾನೆ. ನೀವೊಂದು ಉಪಾಯ ಹೇಳಿದರೆ ಅವನು “ಹೌದು ಮೇಡಂ, ಆದ್ರೆ...” ಅನ್ನುತ್ತಾನೆ. ಎರಡನೇ ಸಲ “ಆದ್ರೆ” ಬಂತೆಂದರೆ ನೀವು ಕೇಳುವುದನ್ನು ಬಿಟ್ಟು ವಾದಕ್ಕಿಳಿದಿದ್ದೀರಿ ಎಂದೇ ಲೆಕ್ಕ.

ಅವನದೇ ಮಾತೊಂದನ್ನು ಎತ್ತಿ ಕೊಡಿ. “ಗೋಡೆ ಅಂದ್ರು.” ಸುಮ್ಮನಾಗಿ.

ಕೆಳಗೆ ಕುಕ್ಕರ್ ಕೂಗಿತು. ಅವನ ಫೋನು ಒಮ್ಮೆ ಗುರ್ರೆಂದಿತು, ಅವನು ನೋಡಲಿಲ್ಲ. ಗಲ್ಲ ನಡುಗುತ್ತಿದೆ. ಟಿಶ್ಯೂ ಡಬ್ಬ ಅವನ ಕೈಗೆಟಕುವಲ್ಲೇ ಇದೆ, ನೀವು ಎತ್ತಿ ಕೊಡಬೇಡಿ. ಕೊಟ್ಟರೆ ಎಷ್ಟೋ ಜನಕ್ಕೆ ‘ಅತ್ತಿದ್ದು ಸಾಕು’ ಎಂದಂತೆ ಕೇಳಿಸುತ್ತದೆ.

“ಹೋದ ತಿಂಗಳು ಅಪ್ಪಂಗೆ ಹಾರ್ಟ್ ಅಟ್ಯಾಕ್ ಆಯ್ತು. ಐಸಿಯು ಹೊರಗೆ ಬೆಂಚಲ್ಲಿ ಕೂತ್ಕೊಂಡು ಒಂದು ರಿಲೀಸ್ ಮುಗಿಸಿದೆ ಮೇಡಂ. ಯಾರೂ ಮಾಡು ಅಂದಿರ್ಲಿಲ್ಲ.”

ನೋಡಿದಿರಾ? ರಾಜೀನಾಮೆಯ ಪ್ರಶ್ನೆ ಬಾಗಿಲಲ್ಲೇ ಉಳಿಯಿತು. ರಜೆಯ ಉಪದೇಶ ಕೊಟ್ಟಿದ್ದರೆ ಈ ಬೆಂಚು ಹೊರಗೆ ಬರುತ್ತಿರಲಿಲ್ಲ.

ಹೀಗೆ ಆಡಿದವರ ಮಾತನ್ನೇ ಅವರಿಗೆ ಮರಳಿಸುವ ಕ್ರಮವನ್ನು ಬೆಳೆಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಅದನ್ನೇ ಅನುಕರಿಸಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ನೀವು ಟೈಪ್ ಮಾಡಿದ ವಾಕ್ಯವನ್ನೇ ತಿರುಚಿ ಪ್ರಶ್ನೆಯಾಗಿಸುವುದಷ್ಟೇ ಅದರ ಕಸುಬು. ಅವರ ಕಾರ್ಯದರ್ಶಿಗೆ ಅದು ಬರೀ ಪ್ರೋಗ್ರಾಂ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ನಾಲ್ಕು ಮಾತಾಡುವಷ್ಟರಲ್ಲಿ ಆಕೆ, ಸ್ವಲ್ಪ ಹೊರಗಿರುತ್ತೀರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿದರಂತೆ. ಅವರು ಬೆಚ್ಚಿದರು. ಕಂಪ್ಯೂಟರಿಗೆ ಒಪ್ಪಿಸಬಾರದ ಕೆಲಸಗಳಿವೆ ಎಂದು 1976ರಲ್ಲಿ ಪುಸ್ತಕವನ್ನೇ ಬರೆದರು.

ನಮ್ಮ ಹುಡುಗನೂ ರಾತ್ರಿ ಎರಡಕ್ಕೆ ಚಾಟ್‌ಜಿಪಿಟಿಯ ಹತ್ತಿರ ಹೇಳಿಕೊಳ್ಳುತ್ತಾನಂತೆ. ನಗಬೇಡಿ, ಆ ಹೊತ್ತಿನಲ್ಲಿ ಎದ್ದಿರುವುದು ಅದೊಂದೇ. ನನ್ನ ತಕರಾರು ಬೇರೆ. ಅದಕ್ಕೆ ಸುಮ್ಮನಿರಲು ಬರುವುದಿಲ್ಲ. ಕೇಳಿದ ಮರುಕ್ಷಣ ಉತ್ತರ ಸುರಿಯುತ್ತದೆ. ಈಗ ಇಲ್ಲಿ ಕುಕ್ಕರ್ ಕೂಗಿದಷ್ಟು ಹೊತ್ತು ಅದು ಅವನನ್ನು ಅವನ ಪಾಡಿಗೆ ಬಿಡುತ್ತಿರಲಿಲ್ಲ.

ಗಡಿಯಾರ ನೋಡಿ, ಹತ್ತು ನಿಮಿಷ ಉಳಿದಿದೆ. ಸುತ್ತಿಬಳಸದೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: “ಸಾಯಬೇಕು ಅನ್ನಿಸಿದ್ದು ಇದೆಯಾ?” ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. “ಅಷ್ಟಿಲ್ಲ ಮೇಡಂ” ಅಂದ. ಸರಿ. ಆದರೆ ನಿದ್ದೆ ಇಷ್ಟು ಕೆಟ್ಟಿರುವಾಗ ಮನೋವೈದ್ಯರನ್ನು ನೋಡಲಿ, ಮಾತ್ರೆ ಬರೆಯುವ ಅಧಿಕಾರ ನನಗಿಲ್ಲ. ರಾತ್ರಿ ಎರಡರ ಹೊತ್ತಿಗೆ 14416 ನಂಬರ್ ಬರೆದುಕೊಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಅದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅವನು ಇಳಿದು ಹೋದ. ಬಿಡುತ್ತಾನೋ ಇರುತ್ತಾನೋ, ಇವತ್ತು ತೀರ್ಮಾನವಾಗಲಿಲ್ಲ.

ಹೋಗುವ ಮುಂಚೆ ನಿಮಗೊಂದು ಮಾತು. ಐಟಿ ಬಿಟ್ಟು ಈ ಕಡೆ ಬರಬೇಕೆನ್ನುವವರು ನನಗೆ ಫೋನ್ ಮಾಡುತ್ತಾರೆ. “ನಾನು ಒಳ್ಳೇ ಲಿಸನರ್, ಫ್ರೆಂಡ್ಸೆಲ್ಲ ನನ್ನ ಹತ್ರಾನೇ ಹೇಳ್ಕೋತಾರೆ” ಅನ್ನುತ್ತಾರೆ. ನಾನೂ ಅದನ್ನೇ ಅಂದುಕೊಂಡು ಬಂದವಳು. ಆದರೆ ಗೆಳೆಯರ ಮಾತು ಕೇಳುವಾಗ ನಡುವೆ ನಮ್ಮ ಕತೆಯನ್ನೂ ಹೇಳಿಕೊಳ್ಳುತ್ತೇವೆ, ಇಲ್ಲಿ ಆ ಸುಖವಿಲ್ಲ. ಮೊದಮೊದಲು ಸಂಬಳ ನೆನೆದು ನಿದ್ದೆ ಬರುವುದಿಲ್ಲ. ನಮ್ಮ ಕೆಲಸ ನೋಡುವ ಸೂಪರ್‌ವೈಸರ್ ಮುಂದೆ ಕೂತು ಎಲ್ಲಿ ಬಾಯಿ ಹಾಕಿದೆ ಎಂದು ಒಪ್ಪಿಸಬೇಕು. ನಮ್ಮದನ್ನು ಹೇಳಿಕೊಳ್ಳಲು ನಾವೂ ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕೂರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆಪ್ತಸಮಾಲೋಚಕ ಎಂದು ಬೋರ್ಡು ಹಾಕಿಕೊಳ್ಳಲು ಅಂಥ ಕಟ್ಟಳೆ ಇಷ್ಟು ದಿನ ಇರಲಿಲ್ಲ, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದೂ ಕುರ್ಚಿ ಹಾಕಬಹುದಿತ್ತು.

ಆದ್ದರಿಂದ ನನ್ನಂಥವರ ಬಳಿ ಹೋದಾಗ ಸಂಕೋಚ ಬಿಟ್ಟು ಕೇಳಿ: ಎಲ್ಲಿ ಕಲಿತಿರಿ, ಎಷ್ಟು ಕಾಲ ಕಲಿತಿರಿ, ನಿಮ್ಮ ಕೆಲಸವನ್ನು ನೋಡುವವರು ಯಾರು? ಉತ್ತರ ಹೇಳುವ ಬದಲು ಮುಖ ಸಿಂಡರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಬೇರೆ ಕಡೆ ಹೋಗಿ.