ಸಂಸಾರಸಮೇತ ಬನ್ನೇರುಘಟ್ಟಕ್ಕೆ

ಮಕ್ಕಳಿಗೆ ರಜೆ ಬಂದಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸಂಸಾರಗಳಲ್ಲಿ ಮೃಗಶಾಲೆಯ ಮಾತು ಏಳುವುದು ಸಹಜ. ಮೈಸೂರಿನ ಮೃಗಶಾಲೆ 1892ರಲ್ಲಿ ಸ್ಥಾಪನೆಯಾದುದು. ಅರಸರ ಅಭಿರುಚಿಯ ಫಲ. ಆದರೆ ಅದು ದೂರದ ಪ್ರಯಾಣ. ಬನ್ನೇರುಘಟ್ಟವಾದರೋ ಬೆಂಗಳೂರಿನ ದಕ್ಷಿಣಕ್ಕೆ ಸುಮಾರು 22 ಕಿಲೋಮೀಟರ್. ಮುಂಜಾನೆಯ ಬಸ್ಸಿನಲ್ಲಿ ಹೊರಟು, ಮೆಜೆಸ್ಟಿಕ್ಕಿನಲ್ಲಿಳಿದು, 365ನೆಯ ನಂಬರಿನ ಬಸ್ಸನ್ನೇರಿದರೆ ಊರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋದಂತಾಗುತ್ತದೆ. ಮಂಗಳವಾರ ಸಾಮಾನ್ಯವಾಗಿ ರಜೆಯೆಂಬುದನ್ನು ಮಾತ್ರ ಮರೆಯಬಾರದು. ಬುತ್ತಿ ಕಟ್ಟಿಕೊಂಡು ಹೋಗಿ ಮುಚ್ಚಿದ ಬಾಗಿಲನ್ನು ನೋಡಿ ಬರುವ ಪೇಚು ಯಾರಿಗೂ ಬೇಡ.

ಇಲ್ಲಿಯ ಕಾಡು 1974ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿತು. ಅದರ ಒಂದು ಭಾಗ 2002ರಲ್ಲಿ ಬೇರೆಯಾಗಿ, ಜೈವಿಕ ಉದ್ಯಾನವೆಂಬ ಹೆಸರಿನಲ್ಲಿ ರಾಜ್ಯದ ಮೃಗಾಲಯ ಪ್ರಾಧಿಕಾರದ ವಶಕ್ಕೆ ಬಂದಿತು. 2006ರಲ್ಲಿ ಚಿಟ್ಟೆಗಳಿಗೂ ಒಂದು ಉದ್ಯಾನ ತೆರೆಯಿತು. ಪ್ರೇಕ್ಷಕರು ಮುಗಿಬೀಳುವುದು ಸಫಾರಿಗೆ. ಕಿಟಕಿಗಳಿಗೆ ಜಾಲರಿ ಬಡಿದ ವಾಹನದೊಳಗೆ ಮನುಷ್ಯರು ಮುದುರಿ ಕುಳಿತಿರುತ್ತಾರೆ. ಹುಲಿಯಾದರೋ ರಸ್ತೆಯ ಬದಿಯಲ್ಲಿ ಕಾಲು ಚಾಚಿ ಮಲಗಿ, ಬಂದವರ ಕಡೆ ಒಮ್ಮೆ ನೋಡಿ, ಆಸಕ್ತಿಯಿಲ್ಲದೆ ಮುಖ ತಿರುಗಿಸುತ್ತದೆ. ಪಂಜರದೊಳಗೆ ಇರುವವರು ಯಾರೆಂಬ ಸಂದೇಹ ಆಗ ಮಕ್ಕಳಿಗೂ ಬರುತ್ತದೆ.

ಇಲ್ಲಿ ನಿಂತು ಗಮನಿಸಬೇಕಾದ ಪ್ರಾಣಿ ಕರಡಿ. ಅಜ್ಜ ಅಜ್ಜಿಯರು ಜೊತೆಗೆ ಬಂದಿದ್ದರಂತೂ ಅವರ ಬಾಯಿಂದ ಹಳೆಯ ದಿನಗಳ ವರ್ಣನೆ ಹೊರಡುತ್ತದೆ. ಡೋಲಿನ ಸದ್ದಿನೊಡನೆ ಬೀದಿಗೆ ಬರುತ್ತಿದ್ದ ಕರಡಿ. ಹೆದರುವ ಮಗುವನ್ನು ಅದರ ಬೆನ್ನಿನ ಮೇಲೆ ಕೂರಿಸಿದರೆ ಭಯ ಬಿಟ್ಟುಹೋಗುವುದೆಂಬ ನಂಬಿಕೆ. ಅದರ ಕೂದಲನ್ನಿಟ್ಟ ತಾಯಿತ. ಆ ಕುಣಿತದ ಹಿಂದಿನ ಕಥೆ ಮಾತ್ರ ಬೀದಿಗೆ ಬರುತ್ತಿರಲಿಲ್ಲ. ತಾಯಿಯನ್ನು ಕೊಂದು ಮರಿಯನ್ನು ಕಾಡಿನಿಂದ ತರುವುದು, ಕಾದ ಕಬ್ಬಿಣದಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುವುದು, ಕೋರೆಹಲ್ಲುಗಳನ್ನು ಮುರಿಯುವುದು: ಇಷ್ಟಾದ ಮೇಲೆ ಹಗ್ಗ ಜಗ್ಗಿದಾಗ ನೋವು ತಾಳಲಾರದೆ ಅದು ಎದ್ದು ನಿಲ್ಲುತ್ತಿತ್ತು. ಅದನ್ನೇ ಜನ ನಾಟ್ಯವೆಂದರು.

1972ರ ವನ್ಯಜೀವಿ ಕಾಯಿದೆ ಬಂದರೂ ಈ ವೃತ್ತಿ ಒಡನೆಯೇ ನಿಲ್ಲಲಿಲ್ಲ. ಕರಡಿಯನ್ನು ಕಸಿದುಕೊಂಡರೆ ಕಲಂದರರ ಒಲೆ ಆರುತ್ತದೆ; ಬಿಟ್ಟರೆ ಕರಡಿಗೆ ಬಿಡುಗಡೆಯಿಲ್ಲ. ಕೊನೆಗೆ ಫಲ ಕೊಟ್ಟ ಉಪಾಯ ಎರಡೂ ಕಡೆಯ ಹಸಿವನ್ನು ನೋಡಿದ್ದು. ಕರಡಿಯನ್ನು ಒಪ್ಪಿಸಿದವರಿಗೆ ಬೇರೆ ಕಸುಬಿಗೆ ನೆರವು, ಅವರ ಮಕ್ಕಳಿಗೆ ಶಾಲೆ. ಅರಣ್ಯ ಇಲಾಖೆಯೊಡನೆ ಸೇರಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಬನ್ನೇರುಘಟ್ಟದಲ್ಲಿ ಕರಡಿಗಳಿಗೊಂದು ಆಶ್ರಯ ಕಲ್ಪಿಸಿತು. ದೇಶದ ಕೊನೆಯ ಕುಣಿಯುವ ಕರಡಿಯೆಂದು ಆಗ ಸಾರಲಾದ 'ರಾಜು' 2009ರ ಡಿಸೆಂಬರಿನಲ್ಲಿ ಬಂದು ಸೇರಿದುದು ಇಲ್ಲಿಗೇ. ಅಂಥ ಕರಡಿಗೆ ಗಂಜಿ, ಹಣ್ಣು, ಜೇನು ದೊರೆಯುತ್ತವೆ. ಕಾಡು ಮಾತ್ರ ದೊರೆಯುವುದಿಲ್ಲ. ಹಲ್ಲಿಲ್ಲದ ಕರಡಿ ಅಲ್ಲಿ ಬಾಳಲಾರದು.

ಚಿರತೆಯಂತೂ ಈ ತಾಲ್ಲೂಕುಗಳವರಿಗೆ ಹೊಸದಲ್ಲ. ನೆಲಮಂಗಲದ ಸೀಮೆಯಲ್ಲಿ ಶಿವಗಂಗೆಯ ಕಲ್ಲುಗುಡ್ಡಗಳೇ ಅದರ ಮನೆ. ಹೊಲಮನೆಗಳು ಗುಡ್ಡದ ಬುಡಕ್ಕೆ ಏರಿದಂತೆ ಅದೂ ಕುರಿಹಟ್ಟಿಗಳಿಗೆ ಇಳಿಯುತ್ತದೆ. 2024ರಲ್ಲಿ ಬನ್ನೇರುಘಟ್ಟದಲ್ಲಿ ಚಿರತೆಗಳಿಗೆಂದೇ 20 ಹೆಕ್ಟೇರ್ ಆವರಣದ ಸಫಾರಿ ಆರಂಭವಾಯಿತು. ಆದರೆ ಬೇಲಿ ಸಕಲವನ್ನೂ ತಡೆಯಲಾರದು. 2023ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಬೆಕ್ಕಿನ ಜಾತಿಯನ್ನು ಕಾಡುವ ಒಂದು ಸೋಂಕಿಗೆ ಇದೇ ಉದ್ಯಾನದ ಏಳು ಚಿರತೆಮರಿಗಳು ತುತ್ತಾದುವು. ಸಾಕುವವರ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದಕ್ಕೆ ಪ್ರತಿಯಾಗಿ ಮನಸ್ಸಿಗೆ ನೆಮ್ಮದಿ ನೀಡುವ ದೃಶ್ಯ ಆನೆಗಳದು. ಹಗಲು ಜನರ ಕಣ್ಣಿಗೆ ಬೀಳುವ ಇವುಗಳನ್ನು ಇರುಳು ಮೇಯಲು ಪಕ್ಕದ ಕಾಡಿಗೆ ಬಿಡುವುದು ಇಲ್ಲಿಯ ವಾಡಿಕೆ. ಕಾಲಿನ ಸರಪಳಿ ನೆಲದ ಮೇಲೆ ಎಳೆದ ಗೆರೆಯನ್ನೂ ಹೆಜ್ಜೆಯ ಗುರುತನ್ನೂ ಹಿಡಿದು ಮಾವುತರು ಮುಂಜಾನೆ ಹುಡುಕಿ ಕರೆತರುತ್ತಾರೆ. ಕಾಡಿನ ಸಲಗಗಳ ಸಂಗದಿಂದ ಹುಟ್ಟಿದ ಮರಿಗಳು ತಾಯಂದಿರ ಕಾಲ ಸಂದಿಯಲ್ಲಿ ತೂರಿ ಆಡುತ್ತಿರುತ್ತವೆ. ಪೂರ್ತಿ ಬಂಧನವೂ ಅಲ್ಲ, ಪೂರ್ತಿ ಸ್ವಾತಂತ್ರ್ಯವೂ ಅಲ್ಲದ ಬದುಕು ಅದು.

ಮೃಗಶಾಲೆಯಲ್ಲಿ ಮಕ್ಕಳು ಪ್ರಾಣಿಗಳ ಹೆಸರನ್ನು ಹೇಗೂ ಕಲಿಯುತ್ತಾರೆ. ಆ ಪ್ರಾಣಿ ಇಲ್ಲಿಗೆ ಏಕೆ ಬಂದಿತೆಂದು ಅವರು ಕೇಳಿದರೆ, ಹಿರಿಯರು ಸುಮ್ಮನಿರದೆ ಇದ್ದುದನ್ನು ಇದ್ದಂತೆ ಹೇಳಲಿ. ಟಿಕೆಟ್ಟಿನ ಹಣಕ್ಕೆ ಅದಕ್ಕಿಂತ ಹೆಚ್ಚಿನ ಫಲವಿಲ್ಲ.