62ಕ್ಕೆ ನಿಂತ ಪಟ್ಟಿ

ಹಾಸನದ ಈ ಮನೆಯ ಮಹಡಿ ಕೋಣೆಯಲ್ಲಿ ನಿಮಗೆ ಸಿಕ್ಕಿರುವುದು ಮಂಚದ ತುದಿ. ಉಳಿದ ಜಾಗವನ್ನೆಲ್ಲ ನಾಳೆ ನಡೆಯುವ ಅಜ್ಜನ 70ರ ಭೀಮರಥ ಶಾಂತಿಗೆ ತಂದ ತಾಂಬೂಲದ ಚೀಲಗಳು ಹಿಡಿದಿವೆ. ರಾತ್ರಿ ಹತ್ತೂವರೆ. ಕೆಳಗೆ ತೆಂಗಿನಕಾಯಿ ತುರಿಯುವ ಸದ್ದು, ಮೇಲೆ ಲ್ಯಾಪ್‌ಟಾಪ್ ಫ್ಯಾನಿನ ಸದ್ದು. ಮೇಜಿನ ಮುಂದೆ ಕೂತವಳು ಅಜ್ಜನ ಮೊಮ್ಮಗಳು, ಇಂಜಿನಿಯರಿಂಗ್ ಮೂರನೇ ವರ್ಷ. ಬೆನ್ನ ಹಿಂದೆ ಅವಳ ಸೋದರಮಾವ. ನಾಳೆ ತೋರಿಸಬೇಕಾದ ಅಜ್ಜನ ಸಿನಿಮಾ ಎಕ್ಸ್‌ಪೋರ್ಟ್ ಆಗುತ್ತಿದೆ, ಪರದೆಯ ಮೇಲೆ ಅದರ ಹಸಿರು ಪಟ್ಟಿ ಶೇ. 62ಕ್ಕೆ ಬಂದು ನಿಂತುಬಿಟ್ಟಿದೆ.

"ರೀಸ್ಟಾರ್ಟ್ ಮಾಡಿ ನೋಡು ಪುಟ್ಟಿ."

"ಮಾಡಿದೆ ಮಾವ. ಮತ್ತೆ 62ಕ್ಕೇ ನಿಂತಿದೆ."

ಮಾವ ತಲೆ ಕೆರೆದುಕೊಳ್ಳುತ್ತಾರೆ. ಅವಳ ಮುಖದಲ್ಲಿ ಮಾತ್ರ ಸ್ವಲ್ಪ ಗೆಲುವು. ಒಂದು ಸಲ 40ಕ್ಕೆ, ಇನ್ನೊಂದು ಸಲ 75ಕ್ಕೆ ನಿಂತಿದ್ದರೆ ಮಷೀನು ಕಾದಿದೆಯೋ, ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟಿದೆಯೋ ಎಂದು ಹತ್ತು ಕಡೆ ತಡಕಾಡಬೇಕಿತ್ತು. ಪ್ರತಿಸಲ ಅದೇ ಜಾಗ ಅಂದರೆ ಕಳ್ಳ ಅಲ್ಲೇ ಕೂತಿದ್ದಾನೆ. ಖಾತ್ರಿಗೆಂದು ಸೆಟ್ಟಿಂಗ್ಸಿಗೆ ಹೋಗಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಮುಂದಿನ ಟಿಕ್ ತೆಗೆದು ಮತ್ತೆ ಓಡಿಸುತ್ತಾಳೆ. ಈಗ ಇಡೀ ಕೆಲಸ ಪ್ರೊಸೆಸರ್ ಮೇಲೆ. ಪಟ್ಟಿ ಆಮೆಯಂತೆ ತೆವಳಿ, 62ಕ್ಕೆ ಬಂದು, ಮತ್ತೆ ಅದೇ ಒಂದು ಸಾಲು: ಎಕ್ಸ್‌ಪೋರ್ಟ್ ಫೇಲ್ಡ್. ಯಾಕೆ ಅಂತಿಲ್ಲ, ಎಲ್ಲಿ ಅಂತಿಲ್ಲ. ಇಷ್ಟು ದೊಡ್ಡ ಸಾಫ್ಟ್‌ವೇರ್ ಬರೆದವರಿಗೆ ಇನ್ನೊಂದು ವಾಕ್ಯ ಬರೆಯಲು ಏನು ಕಷ್ಟವಿತ್ತೋ.

"ಫೋಲ್ಡರಲ್ಲಿ ಫೈಲ್ ಇದೆಯಲ್ಲೇ, 9 ಜಿಬಿ! ಅಷ್ಟಾದರೂ ತೋರಿಸೋಣ."

ಅವಳು ಡಬಲ್ ಕ್ಲಿಕ್ ಮಾಡಿ ತೋರಿಸುತ್ತಾಳೆ. ತೆರೆಯುವುದಿಲ್ಲ. ಯಾವ ಫ್ರೇಮು ಎಲ್ಲಿದೆ ಎನ್ನುವ ಸೂಚಿಯನ್ನು ಎಂಪಿ4 ಫೈಲಿಗೆ ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುತ್ತಾರೆ. ಮಧ್ಯದಲ್ಲಿ ನಿಂತರೆ ಚಿತ್ರಗಳೇನೋ ಒಳಗಿರುತ್ತವೆ, ಪ್ಲೇಯರಿಗೆ ಅವುಗಳ ದಾರಿ ಗೊತ್ತಿರುವುದಿಲ್ಲ.

ಸಿನಿಮಾ 40 ನಿಮಿಷದ್ದು. ಅದರ ಶೇ. 62 ಎಂದರೆ 24 ನಿಮಿಷ 48 ಸೆಕೆಂಡು. ಪಟ್ಟಿಯ ಲೆಕ್ಕ ಕರಾರುವಾಕ್ಕಲ್ಲ, ಆದರೆ ಆಸುಪಾಸು ತೋರಿಸಿಕೊಡುತ್ತದೆ. ಟೈಮ್‌ಲೈನಿನಲ್ಲಿ 24ರಿಂದ 26ನೇ ನಿಮಿಷದವರೆಗೆ ಮಾತ್ರ ಗುರುತು ಹಾಕಿ ಎಕ್ಸ್‌ಪೋರ್ಟ್ ಕೊಡುತ್ತಾಳೆ. ಫೇಲ್. 24ರಿಂದ 25. ಫೇಲ್. 24ರಿಂದ 24:45. ಸರಾಗವಾಗಿ ಮುಗಿಯಿತು. ಉಳಿದದ್ದು ಹದಿನೈದು ಸೆಕೆಂಡು, ಅದರಲ್ಲಿರುವುದು ಎರಡು ಫೋಟೊ: ಗೃಹಪ್ರವೇಶದ ದಿನ ಜಗಲಿಯ ಮೇಲೆ ಅಜ್ಜ, ಆಮೇಲೆ ಅದೇ ಜಗಲಿಯಲ್ಲಿ ಇಡೀ ಬಳಗ. ಒಂದು ಕರಗಿ ಇನ್ನೊಂದು ಮೂಡುತ್ತದೆ, ಜತೆಗೆ ನಿಧಾನ ಜೂಮ್.

ಫೋಟೊದ ಪ್ರಾಪರ್ಟೀಸ್ ತೆರೆದಾಗ ನೀವೂ ಬಗ್ಗಿ ನೋಡುತ್ತೀರಿ. 12,000 × 9,000. ದೊಡ್ಡಪ್ಪನ ಮಗ ತನ್ನ ಹೊಸ ಫೋನಿನ 108 ಮೆಗಾಪಿಕ್ಸೆಲ್ ಮೋಡಿನಲ್ಲಿ ಹೊಡೆದದ್ದು.

"27 ಎಂಬಿ ಫೋಟೊಗೆ ಕಂಪ್ಯೂಟರ್ ನಿಲ್ಲತ್ತಾ?"

"ಅದು ಡಿಸ್ಕಲ್ಲಿ ಮಡಚಿಟ್ಟಿರೋ ಅಳತೆ ಮಾವ. ಬಿಚ್ಚಿದರೆ ನೋಡಿ."

ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸುತ್ತಾಳೆ. 10 ಕೋಟಿ 80 ಲಕ್ಷ ಪಿಕ್ಸೆಲ್, ಒಂದೊಂದಕ್ಕೆ 4 ಬೈಟು: 432 ಎಂಬಿ. ಎರಡು ಫೋಟೊ ಒಂದರೊಳಗೊಂದು ಕರಗುವಾಗ 864. ಜೂಮಿಗೆಂದು ಸಾಫ್ಟ್‌ವೇರ್ ಮಾಡಿಕೊಳ್ಳುವ ನಕಲುಗಳು ಬೇರೆ. ಎಡಿಟ್ ಮಾಡುವಾಗ ಪ್ರಿವ್ಯೂ ಕಾಲುಭಾಗದ ರೆಸಲ್ಯೂಶನ್ನಿನಲ್ಲಿ ಓಡುತ್ತಿದ್ದರಿಂದ ಈ ಭಾರ ಯಾರ ಕಣ್ಣಿಗೂ ಬೀಳಲಿಲ್ಲ. ಎಕ್ಸ್‌ಪೋರ್ಟ್ ಮಾತ್ರ ಪೂರ್ತಿ ಅಳತೆಯಲ್ಲೇ ಎತ್ತಿಕೊಳ್ಳಬೇಕು. ತಮಾಷೆ ಎಂದರೆ ನಾಳೆ ಮಂಟಪದ ಪರದೆಗೆ ಹೋಗುವ 1920 × 1080 ಚಿತ್ರದಲ್ಲಿ ಇರುವುದೇ ಸುಮಾರು 20 ಲಕ್ಷ ಪಿಕ್ಸೆಲ್. ಜೂಮಿಗೆ ಜಾಗ ಬಿಟ್ಟು ಫೋಟೊಗಳನ್ನು 4,000 × 3,000ಕ್ಕೆ ಇಳಿಸುತ್ತಾಳೆ. ಪಟ್ಟಿ 62 ದಾಟುತ್ತದೆ, 63, 64. ಮಾವ ಚಪ್ಪಾಳೆ ತಟ್ಟುತ್ತಾರೆ.

ಚಪ್ಪಾಳೆ ಸ್ವಲ್ಪ ಬೇಗ ಆಯಿತು. ಮುಗಿದ ಫೈಲನ್ನು ಓಡಿಸಿದಾಗ ಮೊದಲ ಟೈಟಲ್ಲೇ "ಅಜ್‌ಜನಿಗೆ 70". ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ನಿಂತಿದೆ. ಇದು ಎಕ್ಸ್‌ಪೋರ್ಟ್ ಮಾಡಿದ ಅವಾಂತರವಲ್ಲ. ಟೈಟಲ್ ಹಾಕಿದಾಗಲೇ ಹೀಗಿತ್ತು, ಗಡಿಬಿಡಿಯಲ್ಲಿ ಯಾರೂ ಓದಿರಲಿಲ್ಲ. ಈ ಸಾಫ್ಟ್‌ವೇರಿನ ಟೈಟಲ್ ಪೆಟ್ಟಿಗೆಗೆ ಕನ್ನಡದ ಅಕ್ಷರ ಕೂಡಿಸಲು ಬರುವುದಿಲ್ಲ. ಬೇರೆ ಕಡೆ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸುತ್ತಾಳೆ. ಅದು ಐದು ನಿಮಿಷದ ಕೆಲಸ.

ಮುಂದಿನದು ಅಷ್ಟು ಸುಲಭವಲ್ಲ. ಅಜ್ಜ ತಮ್ಮ ಬಾಲ್ಯದ ಕತೆ ಹೇಳುವ ಉದ್ದ ಕ್ಲಿಪ್ಪು, ಸಂಜೆ ನಡುಮನೆಯಲ್ಲಿ ಫೋನಿನಲ್ಲಿ ತೆಗೆದದ್ದು. ಶುರುವಿನಲ್ಲಿ ತುಟಿಗೂ ಮಾತಿಗೂ ಹೊಂದಿಕೆ. ಅವರು ಕೆರೆ ಕೋಡಿಯ ಕತೆಗೆ ಬರುವ ಹೊತ್ತಿಗೆ ತುಟಿ ಮುಚ್ಚಿದ ಮೇಲೂ ಮಾತು ಕೇಳುತ್ತಿದೆ. ಆಡಿಯೊ ಕ್ಲಿಪ್ಪನ್ನು ಎಳೆದು ಸರಿಮಾಡೋಣ ಅಂತ ಮಾವ. ಎಳೆದರೆ ಕೊನೆ ಸರಿಹೋಗಿ ಶುರು ಕೆಡುತ್ತದೆ, ಏಕೆಂದರೆ ಅಂತರ ಹೋಗ್ತಾ ಹೋಗ್ತಾ ಬೆಳೆದಿದೆ. ಸೆಕೆಂಡಿಗೆ 30 ಫ್ರೇಮ್ ಎಂದು ಫೋನು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ ಒಂದೆರಡು ಫ್ರೇಮ್ ನುಂಗುತ್ತದೆ. ಧ್ವನಿ ಮಾತ್ರ ಸೆಕೆಂಡಿಗೆ 48,000 ಮಾದರಿಯ ಲೆಕ್ಕ ತಪ್ಪಿಸುವುದಿಲ್ಲ. ಫ್ರೇಮುಗಳೆಲ್ಲ ಸಮ ಅಂತರದಲ್ಲಿವೆ ಎಂದು ನಂಬುವ ಎಡಿಟಿಂಗ್ ಸಾಫ್ಟ್‌ವೇರಿಗೆ ಎರಡನ್ನೂ ಹೊಂದಿಸಲಾಗುವುದಿಲ್ಲ. ಕ್ಲಿಪ್ಪನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿಗೆ ಕೊಟ್ಟು, 30 ಫ್ರೇಮ್, ಕಾನ್‌ಸ್ಟಂಟ್ ಎಂದು ಆರಿಸಿ ಹೊಸದಾಗಿ ಮಾಡಿಸುತ್ತಾಳೆ. ಅದನ್ನು ಹಳೆಯದರ ಜಾಗಕ್ಕೆ ಇಟ್ಟಾಗ ಕೋಡಿ ಹರಿಯುವುದೂ ಅಜ್ಜ ಅದನ್ನು ಹೇಳುವುದೂ ಒಟ್ಟಿಗೇ ಆಗುತ್ತದೆ.

ಇನ್ನು 1999ರ ಕ್ಯಾಸೆಟ್, ಅವಳ ಅಮ್ಮನ ಮದುವೆ. ನೀವು ಕಾಯುತ್ತಿದ್ದ ಭಾಗವೂ ಇದೇ ಇರಬೇಕು. ಧಾರೆಯ ಹೊತ್ತು, ನಲವತ್ತೈದರ ಅಜ್ಜ, ಕಪ್ಪು ಮೀಸೆ. ಯಾರೋ ಅಕ್ಷತೆ ಎಸೆಯಲು ಕೈ ಬೀಸುತ್ತಾರೆ, ಬೀಸಿದ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ. ಸೀರೆಯ ಜರಿ ಸರಿದಾಡಿದಲ್ಲೆಲ್ಲ ಅದೇ ಗೆರೆ. ಆ ಕಾಲದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮನ್ನೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಪಾಲು ಮಾಡಿ, ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹಿಂದೆ ಮುಂದೆ ಹಿಡಿಯುತ್ತಿದ್ದರು. ಡಬ್ಬಾ ಟಿವಿಗಳು ಅದನ್ನು ಹಾಗೇ ಒಂದಾದ ಮೇಲೊಂದು ತೋರಿಸುತ್ತಿದ್ದವು. ಇವತ್ತಿನ ಪರದೆಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಆ ನಡುವೆ ಕೈ ಸರಿದ ದೂರವೇ ಹಲ್ಲಾಗುತ್ತದೆ. ಕ್ಲಿಪ್ಪಿನ ಪ್ರಾಪರ್ಟೀಸಿನಲ್ಲಿ ಡಿಇಂಟರ್‌ಲೇಸ್ ಹಾಕುತ್ತಾಳೆ. ಅರೆ, ಕೈ ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತಿದೆ! ಯಾವ ಪಾಲು ಮೊದಲು ಎಂಬುದು ಅದಲುಬದಲಾಗಿದೆ. ಅದನ್ನು ತಿರುಗಿಸಿದ ಮೇಲೆ ಅಕ್ಷತೆ ಹುಡುಗಿಯ ತಲೆಯ ಮೇಲೆ ಸರಿಯಾಗಿ ಬೀಳುತ್ತದೆ.

ಕೊನೆಗೆ ಪೆನ್‌ಡ್ರೈವ್. 28 ಜಿಬಿ ಖಾಲಿ ಇದೆ, 15 ಜಿಬಿ ಫೈಲನ್ನು ಬೇಡ ಅನ್ನುತ್ತಿದೆ. ಅದು ಫ್ಯಾಟ್32, ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಪರದೆಯವನು ಸಂಜೆಯೇ ಫೋನಿನಲ್ಲಿ ಹೇಳಿದ್ದಾನೆ: "ಮೇಡಂ, ಮಾಮೂಲಿ ಪೆನ್‌ಡ್ರೈವ್ ತನ್ನಿ, ಎಚ್.264ರಲ್ಲೇ ಕೊಡಿ. ನಮ್ಮ ಪ್ಲೇಯರ್ ಬೇರೆ ಓದಲ್ಲ." ಹಾಗಾಗಿ ಬಿಟ್‌ರೇಟನ್ನು 50ರಿಂದ 12 ಎಂಬಿಪಿಎಸ್‌ಗೆ ಇಳಿಸುತ್ತಾಳೆ. 2,400 ಸೆಕೆಂಡಿಗೆ 3.6 ಜಿಬಿ, ಧ್ವನಿ ಸೇರಿ ಇನ್ನೊಂದಿಷ್ಟು. ಮಂಟಪದಲ್ಲಿ ಕೂತು ಊಟಕ್ಕೆ ಕಾಯುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪಟ್ಟಿ 100 ಮುಟ್ಟಿದ ಮೇಲೆ ಅವಳು ಶುರುವಿನಿಂದ ನೋಡುವುದಿಲ್ಲ. ಟೈಟಲ್, 24:48, ಅಕ್ಷತೆ, ಕೋಡಿ ಕತೆಯ ಕೊನೆ, ಅಷ್ಟನ್ನೇ ನೋಡುತ್ತಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ, ಕೈಯಲ್ಲಿ ಕಾಫಿ.

"ಎಲ್ಲಾ ಚೆನ್ನಾಗಿದೆ ಪುಟ್ಟಿ. ಅರಸೀಕೆರೆ ಅಳಿಯಂದಿರದ್ದು ಒಂದೂ ಇಲ್ಲವಲ್ಲೇ? ಬೇಜಾರು ಮಾಡ್ಕೋತಾರೆ."

ಮಾವ ನಿಮ್ಮ ಕಡೆ ನೋಡುತ್ತಾರೆ. ಅವಳು ಟೈಮ್‌ಲೈನ್ ಮತ್ತೆ ತೆರೆದು, ಗ್ರೂಪ್ ಫೋಟೊದ ಮುಂದೆ ಐದು ಸೆಕೆಂಡು ಜಾಗ ಮಾಡುತ್ತಾ ಹೇಳುತ್ತಾಳೆ:

"ಒಂದು ಫೋಟೊ ಕಳಿಸೋಕೆ ಹೇಳಿ ಅಜ್ಜಿ. ಒರಿಜಿನಲ್ ಬೇಡ, ವಾಟ್ಸಾಪಲ್ಲಿ ಕುಗ್ಗಿ ಬರೋದೇ ಸಾಕು."